ಮೂರನೇ ಗಿಡ

ಶೀಗಿ ಹುಣ್ಣಿವಿ ಮುಗಿದ ಮರು ಐತವಾರ
ಡೋಣಿಯೊಳಗ ಬಸ್ಸಿಳಿದಾಗ ಇನ್ನೂ ಇಬ್ಬನಿ ಹೊಗಿ.
ಕಟ್ಟಿ ಮ್ಯಾಲ ನಿಂತು ಮೌಲಾಸಾಬ ನದಾಫ ತಲಿ ಎಣಿಸಿದ:
ಹುಬ್ಬಳ್ಳಿ ಬ್ಯಾಂಕಿನವರು ನಾಲ್ಕು ಮಂದಿ,
ಹಲ್ಲಿನ ಡಾಕ್ಟರು, ಅವರ ಹುಡುಗ,
ಬೆಟಗೇರಿಯಿಂದ ನಾನೊಬ್ಬಾಕಿ.
ತಲಿಗೆ ಮುನ್ನೂರು. ಬುತ್ತಿ ಅದರಾಗ ಬಂತು.
‘ಕಪ್ಪತಗುಡ್ಡ: ಬಣ್ಣದ ನಡಿಗಿ’
ಅಂತ ಬರೆದ ಹಲಗಿ ಸೈಕಲ್ಲಿಗೆ ಕಟ್ಟಿತ್ತು.

ನನ್ನ ಕೈ ನೋಡಿ ಡಾಕ್ಟರು, ಮದರಂಗಿ ಏನ್ರಿ, ಅಂದ್ರು.
ಅಲ್ರಿ, ನೂಲಿನ ಬಣ್ಣದ ಭಟ್ಟಿ.
ಇಪ್ಪತ್ತಾರು ವರ್ಷ ಲಡಿ ಅದ್ದೀನಿ,
ಉಗುರು ಈಗ ನನ್ನ ಮಾತು ಕೇಳೂದಿಲ್ಲ.
ದಾಳಿಂಬಿ, ಬದನಿ, ಗಿಳಿಹಸರು, ಕಾವಿ,
ಒಂದು ಹನಿ ಹೆಬ್ಬೆರಳಿಗೆ ಹಚ್ಚಿ
ಸಾಕೋ ಬೇಕೋ ಹೇಳ್ತೀನಿ.
ಸೂಟಿ ದಿನಾ ಬಣ್ಣ ಇಲ್ಲದ ಕಡೆ ಹೋಗಬೇಕಿತ್ತು.

ಶೇಂಗಾ ಕಿತ್ತ ಹೊಲದ ಬದುವಿನ ಮ್ಯಾಲ ಹಾಯ್ದು
ಗುರೆಳ್ಳಿನ ಹಳದಿ ಸೊಂಟದ ತನಕ ಮುಟ್ಟಿ
ಗುಡ್ಡದ ಕೆಂಪು ಹರಳು ಚಪ್ಪಲಿಗೆ ಹತ್ತಿತು.
ಮೌಲಾಸಾಬ ಮುಂದ, ಕೋಲು ಅವನಕಿಂತ ಮುಂದ.
“ಬಲಕ್ಕ ಹೊನ್ನಾವರಿಕಿ, ಬಂಗಾರದಂಥಾ ಹಳದಿ.
ಅದರ ಹಿಂದ ಬಾದಿ ಹುಲ್ಲು, ಕುದರಿ ಜೂಲಿನ ಬಣ್ಣ.
ಎಡಕ್ಕ ಮೂರನೇ ಗಿಡ ನೋಡ್ರಿ,
ಎಲಿ ಎಲ್ಲಾ ಕೆಂಪಗ ಉರಿಯಾಕ ಹತ್ಯಾವ.”

ನಾನು ನೋಡಿದೆ. ಹಸರು.
ಮಳಿ ಈ ವರ್ಷ ತಡಾ ಹೋಗಿತ್ತಲ್ಲ,
ಅಚ್ಚ ಹಸರು, ಈಗ ತೊಳೆದಿಟ್ಟಂಗ.
ಬ್ಯಾಂಕಿನವರು ಗಾಳಿಪಂಖದ ಕೂಡ ಫೋಟೋ ತಗೋತಿದ್ರು.
ಹುಡುಗ ಬಾಯಿ ತೆರೆದ.
ನಾನ ಗಡಬಡಿಸಿ ಅಂದೆ:
“ಹೌದ್ ನೋಡಪಾ, ಕೆಂಪು ಒಳಗ ಐತಿ.
ಲಡಿ ಹಾಂಡೇದಾಗ ಮುಳುಗಿಸಿದ ಕೂಡಲೇ ಬಣ್ಣ ಕಾಣತೈತೇನು?
ಕುದಿ ಬರಬೇಕು.”
ಹುಡುಗ ನಂಬಲಿಲ್ಲ.
ಮೌಲಾಸಾಬನ ಕೋಲು ಮಾತ್ರ
ಎರಡು ಹೆಜ್ಜಿ ನೆಲಕ್ಕ ಬಡೀಲಿಲ್ಲ.

ಮ್ಯಾಲಿನ ಬಂಡಿ ಮ್ಯಾಲ ರೊಟ್ಟಿ, ಗುರೆಳ್ಳ ಹಿಂಡಿ, ಮೊಸರು.
ಮಂದಿ ದೂರ ಸರಿದಾಗ ಹತ್ತಿರ ಬಂದು ಕುಂತ.
“ಯಾವಾಗಿಂದ ಗೊತ್ತಾತ್ರೀ ಅಕ್ಕಾರ?”
“ಮೂರನೇ ಗಿಡ.”
“ಕೆಂಪು ಹಸರು ಎರಡೂ ನನಗ ಒಂದ ರೀ, ಹುಟ್ಟಿದಾಗಿಂದ.
ಶನಿವಾರ ಶನಿವಾರ ನಮ್ಮಾಕಿ ಹತ್ತಿ ನೋಡಿಬಂದು
ಗಿಡಾ ಎಣಿಸಿ ಹೇಳ್ತಾಳ, ನಾನು ಬಾಯಿಪಾಠ ಮಾಡ್ತೀನಿ.
ಮಗಳ ಬಾಣಂತನಕ್ಕ ರೋಣಕ್ಕ ಹೋಗ್ಯಾಳೀಗ.
ಹ್ವಾದ ವರ್ಷದ ಪಾಠ ಒಪ್ಪಿಸಿದೆ.”
ಸ್ವಲ್ಪ ಹೊತ್ತು ಬಿಟ್ಟು:
“ಅಪ್ಪಗ ಹತ್ತಿ ಹಿಂಜೂ ಕೆಲಸ. ಬಿಳಿ ಒಂದ ಸಾಕಿತ್ತು ನೋಡ್ರಿ.”

ಕೆಂಪು ಅಂದ್ರ ಹೆಂಗಿರತೈತಿ, ಅಂತ ಕೇಳಿದ.
ಇಪ್ಪತ್ತಾರು ವರ್ಷದಾಗ ಯಾರೂ ಕೇಳಿಲ್ಲ ಇದನ್ನ.
ಗಿರಾಕಿ ಕೇಳೂದು ಯಾವ ಕೆಂಪು ಅಂತ.
ಯೋಚನಿ ಮಾಡಿ ಅಂದೆ: ಹಾಂಡೇದ ಬಾಯಿಗೆ ಮುಖಾ ಹಿಡಿದಾಗ
ಹುಬ್ಬಿನ ಕೂದಲು ಸುಡಾಕ ಬರತೈತಲ್ಲ, ಅಷ್ಟು ಹತ್ತಿರ.
ಹಸರು?
ಹಿಂಡಿದ ಲಡಿ ಗಳದ ಮ್ಯಾಲ ಹಾಕಿ
ಅದರ ನೆರಳಾಗ ಕುಂತಂಗ.
ಅಂವ ಕಣ್ಣು ಮುಚ್ಚಿ ತಲಿ ಆಡಿಸಿದ.
ಆಮ್ಯಾಲ ನಕ್ಕ: “ಮಂದಿಗೆ ಇಷ್ಟುದ್ದ ಹೇಳಿದ್ರ ಮುನ್ನೂರು ಕೊಡೂದಿಲ್ರೀ.”

ಇಳಿಯೂವಾಗ ಅವನ ಪಾಳಿ.
ಕೋಲಿಲೆ ಒಂದೊಂದ ಗಿಡಾ ತಟ್ಟಿ, ಇದನ್ನ ಕೇಳ್ರಿ ಅಂದ.
ಒಂದು ಪಿಸುಗುಟ್ಟಿತು, ಒಂದು ಹಪ್ಪಳದಂಗ ಮುರೀತು,
ಹೊನ್ನಾವರಿಕಿ ಕಾಯಿ ಗೆಜ್ಜಿ.
ಮೂರನೇ ಗಿಡ ಬಂದಾಗ ನಿಂತು, ತಟ್ಟಿ, ಒಪ್ಪಿಕೊಂಡ:
“ಹಸೀದು.”

ಬಸ್ಸಿನ ಕಿಡಕಿಗೆ ಬಂದು ಕೈಯಾಗ ಏನೋ ತುರುಕಿದ.
ಬೆರಳಿಲೆ ಅಳದು ಮಡಚಿದ ಹತ್ತರ ನೋಟು.
“ಏನಪಾ ಇದು?”
“ಆ ಗಿಡದ್ದು.”